ಮೂರು ಬೆರಳು ಹಿಡಿಸದ ಬಾಯಿ

"ಸಬ್ಸಿಡಿ ಎಷ್ಟು ಬಂತು?"

ನಮ್ಮ ಯಂತ್ರಕ್ಕೆ ಸರ್ಕಾರದ ದುಡ್ಡು ಬಂದಿದೆ ಅಂತ ಗೊತ್ತಾಗಿ, ಕಳೆದ ಎರಡು ವರ್ಷದಲ್ಲಿ ನಾನು ಹೋದ ಮದುವೆ, ಗೃಹಪ್ರವೇಶ, ತಿಥಿ ಎಲ್ಲದರಲ್ಲೂ ಯಾರಾದರೊಬ್ಬರು ಇದನ್ನು ಕೇಳಿದ್ದಾರೆ. ತಪ್ಪು ಅವರದ್ದಲ್ಲ. ನಮ್ಮ ಕಡೆ ಸರ್ಕಾರದ ದುಡ್ಡು ಅಂದರೆ ಎರಡೇ ಥರ. ಹನಿ ನೀರಾವರಿ ಪೈಪಿಗೆ ಸಬ್ಸಿಡಿ, ಟ್ರ್ಯಾಕ್ಟರಿಗೆ ಸಾಲ. ವಾಪಸ್ ಕೊಡುವಂತಿಲ್ಲ, ಹಾಗಂತ ನಿಮ್ಮಿಷ್ಟಕ್ಕೆ ಖರ್ಚು ಮಾಡುವಂತೆಯೂ ಇಲ್ಲ, ಅಂಥ ಮೂರನೇ ಥರದ ದುಡ್ಡೊಂದಿದೆ, ಅದಕ್ಕೆ ಅನುದಾನ ಅನ್ನುತ್ತಾರೆ ಅಂತ ಹೇಳೋಕೆ ಶುರು ಮಾಡಿದರೆ ಎದುರಿಗೆ ಕೂತವರು ಪಾಯಸ ಬರುತ್ತಾ ಅಂತ ಆ ಕಡೆ ನೋಡುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಪಾಯಸ ಇಲ್ಲ.

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ವರ್ಕ್‌ಶಾಪ್. ನಾಲ್ಕು ಜನ ಇದ್ದೇವೆ. ಕ್ಲಿನಿಕ್‌ಗಳ ಯಂತ್ರ ರಿಪೇರಿ ನಮ್ಮ ಕೆಲಸ. ಊರಲ್ಲಿ ಎರಡು ಮೆಡಿಕಲ್ ಕಾಲೇಜು, ಎರಡು ಡೆಂಟಲ್ ಕಾಲೇಜು, ಗಲ್ಲಿಗೊಂದು ಕ್ಲಿನಿಕ್. ಹಾಗಾಗಿ ಆಟೋಕ್ಲೇವ್ (ಡಾಕ್ಟರ ಉಪಕರಣಗಳನ್ನು ಬಿಸಿ ಆವಿಯಲ್ಲಿ ಶುದ್ಧ ಮಾಡುವ ಯಂತ್ರ) ಕೆಟ್ಟಿತು, ಡೆಂಟಲ್ ಚೇರ್ ಮೇಲೇಳ್ತಿಲ್ಲ ಅಂತ ಫೋನ್ ಬರುತ್ತಲೇ ಇರುತ್ತದೆ. ಅದರ ಜೊತೆಗೇ, ಒಬ್ಬ ಡೆಂಟಲ್ ಡಾಕ್ಟರ್ ಗೆಳತಿಯ ಒತ್ತಾಯಕ್ಕೆ ಬಿದ್ದು, ಬಾಯಿ ಕ್ಯಾನ್ಸರನ್ನು ಬೇಗ ಅನುಮಾನಿಸಲು ಸಹಾಯ ಮಾಡುವ ಒಂದು ದೀಪ ಮಾಡಲು ಹೊರಟೆವು. ದೀಪ ಅಂದರೆ ಅವಳಿಗೆ ಸಿಟ್ಟು. ಡಿವೈಸ್ ಅನ್ನಬೇಕಂತೆ.

ವಿಷಯ ಹೊಸದಲ್ಲ. ಬಾಯೊಳಗೆ ನೀಲಿ ಬೆಳಕು ಬಿಟ್ಟು, ಆ ನೀಲಿಯನ್ನು ತಡೆಯುವ ಫಿಲ್ಟರ್ ಇಟ್ಟು ನೋಡಿದರೆ, ಚೆನ್ನಾಗಿರುವ ಒಳಚರ್ಮ ತಿಳಿ ಹಸಿರಾಗಿ ಹೊಳೆಯುತ್ತದೆ. ಕೆಡುತ್ತಿರುವ ಜಾಗ ಹೊಳೆಯದೆ ಕಪ್ಪಾಗಿ ಉಳಿಯುತ್ತದೆ. ಹೊರದೇಶಗಳಲ್ಲಿ ಇಂಥ ಯಂತ್ರಗಳು ಎಷ್ಟೋ ವರ್ಷದಿಂದ ಇವೆ. ತಿರುವನಂತಪುರದ ಸಾಸ್ಕನ್ ಅನ್ನುವ ಸಣ್ಣ ಕಂಪನಿ 2020ರಲ್ಲಿ ಓರಲ್‌ಸ್ಕ್ಯಾನ್ ಅಂತ ಬೆಳಕಿನ ಕ್ಯಾಮೆರಾ ಹೊರತಂದಿತು, ಅದರ ಹಿಂದೆಯೂ ಸರ್ಕಾರದ ಅನುದಾನ ಇದೆ. ನಮ್ಮ ಆಸೆ ಇನ್ನೂ ಸಣ್ಣದು. ಮೊಬೈಲಿಗೆ ಸಿಕ್ಕಿಸಿ ಜಗಳೂರು ಕಡೆಯ ಹಳ್ಳಿ ಆಸ್ಪತ್ರೆಯಲ್ಲೂ ಬಳಸುವಂತಿರಬೇಕು, ಕೆಟ್ಟರೆ ನಮ್ಮಂಥ ರಿಪೇರಿಯವನೇ ಸರಿ ಮಾಡುವಂತಿರಬೇಕು.

ತೊಡಕು ಏನೆಂದರೆ, ಕಪ್ಪಾಗಿ ಕಂಡಿದ್ದೆಲ್ಲ ಕ್ಯಾನ್ಸರ್ ಅಲ್ಲ. ಹುಣ್ಣು, ಹಲ್ಲು ಕಚ್ಚಿದ ಗಾಯ, ಎಲೆಅಡಿಕೆಯ ಕಲೆ, ಇವೂ ಕಪ್ಪೇ. ಮೊದಲ ಮಾದರಿಯನ್ನು ಅಪ್ಪನ ಬಾಯಿಗೆ ಹಿಡಿದಾಗ ಎಡಗೆನ್ನೆಯೊಳಗೆ ರೂಪಾಯಿ ಅಗಲದ ಕಪ್ಪು ಕಂಡು ನನ್ನ ಕೈ ತಣ್ಣಗಾಯಿತು. ಅಪ್ಪ ಎದ್ದು ಹೋಗಿ ಎರಡು ಸಲ ಬಾಯಿ ಮುಕ್ಕಳಿಸಿ ಬಂದರು. ಮತ್ತೆ ನೋಡಿದೆವು. ಹಸಿರು. "ಇದಕ್ಕೆ ಕಂಪನಿ ಬೇರೆ ಮಾಡಿದೀಯಾ?" ಅಂದರು.

ಅಪ್ಪನದ್ದು ಚನ್ನಗಿರಿ ತಾಲೂಕಿನಲ್ಲಿ ಅಡಿಕೆ ತೋಟ. ಈ ಕಂಪನಿಗೆ ನಾನು ಹಾಕಿದ ಮೊದಲ ದುಡ್ಡು ರಾಶಿ ಅಡಿಕೆ ಮಾರಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಅಡಿಕೆಯನ್ನು, ತಂಬಾಕು ಸೇರಿಸದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಇದನ್ನು ನಮ್ಮ ಮನೆಯ ಜಗಲಿ ಮೇಲೆ ಕೂತು ಜೋರಾಗಿ ಹೇಳುವ ಹಾಗಿಲ್ಲ. ಬರೆಯಬಹುದು, ಅಪ್ಪ ಇಂಟರ್ನೆಟ್ ಓದಲ್ಲ.

ಈಗ ದುಡ್ಡಿನ ವಿಷಯ. ಕೇಂದ್ರ ಸರ್ಕಾರದ ಬಯೋಟೆಕ್ನಾಲಜಿ ಇಲಾಖೆ 2012ರಲ್ಲಿ ಬೈರಾಕ್ ಅನ್ನುವ ಸಂಸ್ಥೆ ಕಟ್ಟಿತು. ಅದರ ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್, ಎಲ್ಲರೂ ಬಿಗ್ ಅನ್ನುತ್ತಾರೆ, 50 ಲಕ್ಷದವರೆಗೆ ಕೊಡುತ್ತದೆ, ಅವಧಿ 18 ತಿಂಗಳು. ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. 2021ರಲ್ಲಿ ಶುರುವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಮಾದರಿ ಮಾಡಿ ತೋರಿಸಲು 20 ಲಕ್ಷದವರೆಗೆ ಅನುದಾನ ಇಟ್ಟಿದ್ದರು. ಹೊಸ ಕಂಪನಿಗಳಿಗೆ ನಮ್ಮ ರಾಜ್ಯದ್ದೇ ಎಲಿವೇಟ್ ಅನ್ನುವ ಯೋಜನೆ ಇದೆ, ಅದೂ 50 ಲಕ್ಷದವರೆಗೆ. ನಾವು ಯಾವುದಕ್ಕೆ ಹಾಕಿದೆವು ಅಂತ ಹೇಳಲ್ಲ, ಮುಂದೆ ಸ್ವಲ್ಪ ಬೈಯುವುದಿದೆ.

ಇದೆಲ್ಲದರ ಅಜ್ಜ ಇರುವುದು ಅಮೆರಿಕದಲ್ಲಿ. 1982ರಲ್ಲಿ ಅಲ್ಲಿ ಒಂದು ಕಾನೂನು ಮಾಡಿದರು. ಹೊರಗಿನವರ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರಿಗಿಂತ ಜಾಸ್ತಿ ಕೊಡುವ ಸರ್ಕಾರಿ ಇಲಾಖೆ ಆ ದುಡ್ಡಿನಲ್ಲಿ ಇಷ್ಟು ಪಾಲನ್ನು ಸಣ್ಣ ಉದ್ಯಮಗಳಿಗೆ ತೆಗೆದಿಡಲೇಬೇಕು ಅಂತ. ಆ ಪಾಲು ಏರುತ್ತಾ 3.2 ಶೇಕಡಾಕ್ಕೆ ಬಂದಿದೆ. ಎಸ್‌ಬಿಐಆರ್ ಅನ್ನುತ್ತಾರೆ. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೂ ಇದರಲ್ಲಿದೆ, ಕ್ಯಾನ್ಸರ್ ಪತ್ತೆ ಯಂತ್ರ, ಔಷಧಿ, ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಗಳಿಗೇ ಅಂತ ಅದರಲ್ಲೊಂದು ಪ್ರತ್ಯೇಕ ವಿಭಾಗ. ಸಣ್ಣದು ಅಂದರೆ ಎಷ್ಟು ಗೊತ್ತಾ? 500 ಜನರವರೆಗೆ! ಇಲ್ಲಿ ನಾವು ನಾಲ್ಕು ಜನ, ಅದರಲ್ಲೊಬ್ಬ ಮಧ್ಯಾಹ್ನದ ಮೇಲೆ ಬರುತ್ತಾನೆ. ನಮ್ಮ ದೇಶದಲ್ಲಿ 2005ರಲ್ಲಿ ಶುರುವಾದ ಎಸ್‌ಬಿಐಆರ್‌ಐ ಯೋಜನೆಗೆ ಹೆಸರು ಕೂಡ ಹೆಚ್ಚುಕಮ್ಮಿ ಅಲ್ಲಿಂದಲೇ ಬಂದಿದೆ.

ಮೊದಲ ಸಲ ಅರ್ಜಿ ಹಾಕಿದಾಗ ನಾನು ಬರೆದಿದ್ದು ಪೂರ್ತಿ ಜಾಹೀರಾತು. ದೇಶದಲ್ಲಿ ಗಂಡಸರಿಗೆ ಅತಿ ಹೆಚ್ಚು ಬರುವ ಕ್ಯಾನ್ಸರ್ ಬಾಯಿಯದ್ದು (ಇದು ನಿಜ), ನಮ್ಮ ಯಂತ್ರ ಅಗ್ಗ, ಹಗುರ, ಇಂಥದ್ದು ಇನ್ನೆಲ್ಲೂ ಇಲ್ಲ (ಇದು ಸುಳ್ಳು). ವಿಡಿಯೋದಲ್ಲಿ ಐದು ಜನ ತಜ್ಞರು ಕೂತಿದ್ದರು. ಹತ್ತು ನಿಮಿಷ ಉಸಿರು ಬಿಡದೆ ಮಾತಾಡಿದೆ. ಕೊನೆಗೆ ಒಬ್ಬ ಮೇಡಂ ಮೆಲ್ಲಗೆ ಕೇಳಿದರು: "ಬಾಯಿ ತೆರೆಯೋಕೆ ಆಗದವರಿಗೆ ಏನು ಮಾಡ್ತೀರಿ?"

ಡಾಕ್ಟರ್ ಹತ್ರ ಹೋದರೆ ಯಾರಾದರೂ ತೆರೆದೇ ತೆರೆಯುತ್ತಾರೆ ಮೇಡಂ, ಅಂದೆ ನಾನು. ಪಕ್ಕದಲ್ಲಿ ಕೂತ ಗೆಳತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಅರ್ಜಿ ಬಿದ್ದುಹೋಯಿತು. ವಾರಗಟ್ಟಲೆ ಬೈದುಕೊಂಡು ತಿರುಗಿದೆ. ಬೆಂಗಳೂರಿನವರಿಗೆ ಮಾತ್ರ ಕೊಡ್ತಾರೆ, ಇಂಗ್ಲಿಷ್ ಚೆನ್ನಾಗಿ ಬಂದವರಿಗೆ ಕೊಡ್ತಾರೆ, ಹೀಗೆ. ಆಮೇಲೆ ಗೆಳತಿ ತನ್ನ ಕ್ಲಿನಿಕ್ಕಿಗೆ ಕರೆದು ಒಂದು ವಾರ ಮೂಲೆಯಲ್ಲಿ ಸುಮ್ನೆ ಕೂರಿಸಿದಳು.

ಅಲ್ಲಿ ಕಂಡಿದ್ದು ಇದು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರಿಗೆ ಕೆನ್ನೆಯ ಒಳಪದರ ನಾರಾಗಿ ಬಿಗಿಯುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ನಿಧಾನಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತದೆ. ಚೆನ್ನಾಗಿರುವ ಬಾಯಿಗೆ ಅವರವರದೇ ಮೂರು ಬೆರಳು ನೆಟ್ಟಗೆ ಜೋಡಿಸಿ ಇಟ್ಟರೆ ಹಿಡಿಸುತ್ತದೆ. ಬೇಕಿದ್ದರೆ ಈಗಲೇ ನೋಡಿಕೊಳ್ಳಿ. ಅಲ್ಲಿಗೆ ಬಂದವರಲ್ಲಿ ಕೆಲವರಿಗೆ ಎರಡು ಬೆರಳು, ಒಬ್ಬ ಲಾರಿ ಕ್ಲೀನರ್ ಹುಡುಗನಿಗೆ ಒಂದೇ. ವಯಸ್ಸು ಮೂವತ್ತೂ ಆಗಿಲ್ಲ. ಮಿರ್ಚಿ ಬಿಡಿ, ಮಂಡಕ್ಕಿಯನ್ನೂ ಚಿಟಿಕೆ ಚಿಟಿಕೆ ಒಳಗೆ ತಳ್ಳಿಕೊಳ್ಳಬೇಕು ಅಂದ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಈಗ ಪಾನ್ ಮಸಾಲ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಅಂಗೈಯಲ್ಲಿ ಬೆರೆಸಿಕೊಂಡರೆ ಆಯಿತು.

ಇಂಥ ಬಾಯಿಯೇ ಮುಂದೆ ಕ್ಯಾನ್ಸರಿಗೆ ತಿರುಗುವ ಅಪಾಯ ಜಾಸ್ತಿ ಇರುವ ಬಾಯಿ. ನಮ್ಮ ಯಂತ್ರದ ತಲೆಯ ದಪ್ಪ 30 ಮಿಲಿಮೀಟರ್. ಅಂದರೆ ಯಾರಿಗೋಸ್ಕರ ಮಾಡಿದ್ದೆವೋ ಅವರ ಬಾಯೊಳಗೇ ಅದು ಹೋಗುತ್ತಿರಲಿಲ್ಲ. ನನ್ನ ಬಾಯಿಗೆ, ಗೆಳತಿಯ ಬಾಯಿಗೆ, ಅಪ್ಪನ ಬಾಯಿಗೆ ಹೋಗುತ್ತಿತ್ತು. ಅಷ್ಟೇ.

ತಲೆ ಸಣ್ಣದು ಮಾಡಿದೆವು. ಆಗ ಎಲ್ಇಡಿ ಬಿಸಿ ಶುರುವಾಯಿತು. ಬಿಸಿಯಾಗಿದ್ದನ್ನು ಉರಿಯುವ ಕೆನ್ನೆಗೆ ಹಿಡಿಯೋಕಾಗುತ್ತಾ? ಮೂರು ತಿಂಗಳು ಒದ್ದಾಡಿ, ಕೊನೆಗೆ ಉತ್ತರ ಸಿಕ್ಕಿದ್ದು ನಮ್ಮದೇ ಗುಜರಿ ಡಬ್ಬಿಯಲ್ಲಿ. ಹಲ್ಲಿಗೆ ಸಿಮೆಂಟ್ ತುಂಬಿದ ಮೇಲೆ ಗಟ್ಟಿ ಮಾಡಲು ಡಾಕ್ಟರು ಒಂದು ನೀಲಿ ದೀಪ ಹಿಡಿಯುತ್ತಾರಲ್ಲ, ಕ್ಯೂರಿಂಗ್ ಲೈಟ್. ಅದರಲ್ಲಿ ಬಲ್ಬು ಹಿಡಿಕೆಯಲ್ಲಿರುತ್ತದೆ, ಬೆಳಕು ಮಾತ್ರ ಒಂದು ಬಾಗಿದ ಗಾಜಿನ ಕಡ್ಡಿಯಲ್ಲಿ ಹರಿದು ಬಾಯಿಗೆ ಬರುತ್ತದೆ. ನೂರಾರು ರಿಪೇರಿ ಮಾಡಿದ್ದೆ, ಒಂದು ಸಲವೂ ಹೊಳೆದಿರಲಿಲ್ಲ. ಈಗ ನಮ್ಮ ತಲೆ 11 ಮಿಲಿಮೀಟರ್, ಬಿಸಿ ಎಲ್ಲ ಹಿಡಿಕೆಯಲ್ಲಿ.

ಎರಡನೇ ಅರ್ಜಿಯಲ್ಲಿ ಜಾಹೀರಾತು ಬರೆಯಲಿಲ್ಲ. ನಮಗೆ ಗೊತ್ತಿಲ್ಲದ ಮೂರು ವಿಷಯ ಬರೆದೆವು. ನಾರಾದ ಕೆನ್ನೆಯೂ ಸರಿಯಾಗಿ ಹೊಳೆಯದೆ ಹೋದರೆ ಅದರಲ್ಲಿ ಕ್ಯಾನ್ಸರಿನ ಕಪ್ಪು ಬೇರೆಯಾಗಿ ಕಾಣುತ್ತಾ? ರೋಗ ಇರುವ ನೂರು ಜನರಲ್ಲಿ ಎಷ್ಟು ಜನರನ್ನು ಹಿಡಿಯುತ್ತದೆ? ರೋಗ ಇಲ್ಲದ ನೂರು ಜನರಲ್ಲಿ ಎಷ್ಟು ಜನರನ್ನು ಸುಮ್ಮಸುಮ್ಮನೆ ಹೆದರಿಸುತ್ತದೆ? ಈ ಮೂರನೆಯದನ್ನು ಹಗುರವಾಗಿ ತಗೋಬೇಡಿ. ಜಗಳೂರಿನ ಕೂಲಿಯವನಿಗೆ ಕಪ್ಪು ಕಂಡಿದೆ ಅಂದರೆ ಅವನು ಕೂಲಿ ಬಿಟ್ಟು, ಬಸ್ಸು ಹತ್ತಿ, ದಾವಣಗೆರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿ ಚೂರು ಚರ್ಮ ಕತ್ತರಿಸಿ ಕೊಟ್ಟು, ರಿಪೋರ್ಟ್ ಬರುವವರೆಗೆ ನಿದ್ದೆ ಮಾಡದೆ ಇರಬೇಕು. ಈ ಮೂರನ್ನು ತಿಳಿಯೋಕೆ ಇಷ್ಟು ದುಡ್ಡು, ಇಷ್ಟು ತಿಂಗಳು ಬೇಕು ಅಂತ ಬರೆದೆವು. ಮಂಜೂರಾಯಿತು.

ಮದುವೆ ಮನೆಯಲ್ಲಿ ನಾನು ಹೇಳೋಕೆ ಆಗದೇ ಇದ್ದದ್ದು ಇದನ್ನೇ. ಆ ಕಮಿಟಿ ದುಡ್ಡು ಕೊಟ್ಟಿದ್ದು ನಮ್ಮ ಯಂತ್ರಕ್ಕಲ್ಲ, ನಮ್ಮ ಮೂರು ಪ್ರಶ್ನೆಗೆ. ಉತ್ತರ "ಇಲ್ಲ, ಇದು ಕೆಲಸ ಮಾಡಲ್ಲ" ಅಂತ ಬಂದರೂ ದುಡ್ಡು ವಾಪಸ್ ಕೇಳಲ್ಲ. ಲೆಕ್ಕ ಮಾತ್ರ ಕೇಳುತ್ತಾರೆ.

ಅಬ್ಬಾ, ಆ ಲೆಕ್ಕ! ಅನುದಾನಕ್ಕೇ ಅಂತ ಬೇರೆ ಬ್ಯಾಂಕ್ ಖಾತೆ. ಬ್ಯಾಂಕು ತನ್ನ ಯಾವ ಬಾಕಿಗೂ ಅದಕ್ಕೆ ಕೈ ಹಾಕಲ್ಲ ಅಂತ ಪತ್ರ. ಸಂಬಳದ ದುಡ್ಡಲ್ಲಿ ಯಂತ್ರ ಕೊಳ್ಳುವ ಹಾಗಿಲ್ಲ, ಯಂತ್ರದ ದುಡ್ಡಲ್ಲಿ ಸಂಬಳ ಕೊಡುವ ಹಾಗಿಲ್ಲ. ಸಿಎ ಸಹಿ ಹಾಕಿದ ಬಳಕೆ ಪ್ರಮಾಣಪತ್ರ. ಇದೆಲ್ಲ ಸರಿ, ಜನರ ದುಡ್ಡು, ಕೇಳಲೇಬೇಕು. ನನ್ನ ತಕರಾರು ಕಂತಿನ ಮೇಲೆ. ಮೊದಲ ಹಂತ ಮುಗಿಸಿ ವರದಿ ಕೊಟ್ಟೆವು. ತಜ್ಞರು ಅದನ್ನು ನೋಡಿ ಒಪ್ಪಿ ಎರಡನೇ ಕಂತು ಬರುವಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. ಏಳು ತಿಂಗಳು ನಾಲ್ಕು ಜನ ಏನು ತಿನ್ನಬೇಕು? ನಾವು ಆಟೋಕ್ಲೇವ್ ರಿಪೇರಿ ಮಾಡಿಕೊಂಡು ಬದುಕಿದೆವು. ಸರ್ಕ್ಯೂಟ್ ಬರೆಯುತ್ತಿದ್ದ ಹುಡುಗ ಕಾದು ಕಾದು ಬೆಂಗಳೂರಿಗೆ ಹೋದ. ಅವನ ತಲೆಯಲ್ಲಿದ್ದುದನ್ನು ಇನ್ನೊಬ್ಬನಿಗೆ ಕಲಿಸೋಕೆ ಮತ್ತೆ ನಾಲ್ಕು ತಿಂಗಳು. ಆ ನಷ್ಟಕ್ಕೆ ಯಾವ ಫಾರ್ಮಿನಲ್ಲೂ ಕಾಲಂ ಇಲ್ಲ.

ಅಮೆರಿಕದಲ್ಲೂ ಇದೇ ಗೋಳು ಇದೆ. ಮೊದಲ ಹಂತಕ್ಕೂ ಎರಡನೇ ಹಂತಕ್ಕೂ ನಡುವೆ, ಎರಡನೆಯದಕ್ಕೂ ಮಾರುಕಟ್ಟೆಗೂ ನಡುವೆ ಕಂಪನಿಗಳು ಸಾಯುವ ಜಾಗಕ್ಕೆ ಅವರು ಸಾವಿನ ಕಣಿವೆ ಅಂತ ಹೆಸರೇ ಇಟ್ಟಿದ್ದಾರೆ. ಅದಕ್ಕೇ ಅಲ್ಲಿನ ಕ್ಯಾನ್ಸರ್ ಸಂಸ್ಥೆ ಸೇತುವೆ ಅನುದಾನ ಅಂತ ಇನ್ನೊಂದು ಮಾಡಿತು, ಹೊರಗಿನ ಹೂಡಿಕೆದಾರರ ದುಡ್ಡು ಜೊತೆಗೆ ತಂದವರಿಗೆ. ಹಾಗಂತ ಅಲ್ಲಿ ಎಲ್ಲ ಸುಸೂತ್ರ ಅಂತಲ್ಲ. ಆ 1982ರ ಯೋಜನೆಯ ಅವಧಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿದಾಗ ಸಂಸತ್ತು ಸಮಯಕ್ಕೆ ಮುಂದುವರಿಸಲಿಲ್ಲ, ಹೊಸ ಅನುದಾನ ನಿಂತೇಹೋಯಿತು. ಸುದ್ದಿ ಓದಿ ಅಲ್ಲಿನ ಯಾವುದೋ ಊರಿನ ನನ್ನಂಥವನೊಬ್ಬನ ಮುಖ ಕಣ್ಣಿಗೆ ಬಂತು.

ಅರ್ಜಿ ಹಾಕಬೇಕು ಅಂದುಕೊಂಡಿರುವ ನಮ್ಮ ಊರಿನವರಿಗೆ ಒಂದೆರಡು ಮಾತು. ಬಿಗ್ ಅರ್ಜಿಗೆ ಸಾಮಾನ್ಯವಾಗಿ ಜನವರಿ 1 ಮತ್ತು ಜುಲೈ 1ಕ್ಕೆ ಬಾಗಿಲು ತೆರೆಯುತ್ತದೆ, ತೆರೆದ ಮೇಲೆ ಬರೆಯಲು ಕೂರಬೇಡಿ. ಡಾಕ್ಟರನ್ನು ಕೊನೆಗೆ ಸಹಿಗೆ ಮಾತ್ರ ಹುಡುಕಬೇಡಿ, ಮೊದಲ ದಿನದಿಂದ ಜೊತೆಗಿರಲಿ. ರೋಗಿಗಳ ಮೇಲೆ ಪರೀಕ್ಷೆ ಮಾಡುವ ಮುಂಚೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕೇ ಬೇಕು, ಅದಕ್ಕೆ ಹಿಡಿಯುವ ತಿಂಗಳನ್ನು ಲೆಕ್ಕಕ್ಕೆ ಸೇರಿಸಿ. ಫೋನ್ ಮಾಡಿ "ಅರ್ಜಿ ನಾವು ಬರೆದುಕೊಡ್ತೀವಿ, ಬಂದಿದ್ದರಲ್ಲಿ ಹತ್ತು ಪರ್ಸೆಂಟ್ ಕೊಡಿ" ಅನ್ನುವವರು ನನಗೂ ಸಿಕ್ಕಿದ್ದರು. ಆ ಹತ್ತು ಪರ್ಸೆಂಟನ್ನು ಅನುದಾನದ ಯಾವ ಕಾಲಂನಲ್ಲಿ ತೋರಿಸೋದು ಅಂತ ಕೇಳಿದೆ, ಫೋನ್ ಇಟ್ಟರು.

ಆ ಲಾರಿ ಕ್ಲೀನರ್ ಹುಡುಗ ಹೋದ ತಿಂಗಳು ಮತ್ತೆ ಬಂದಿದ್ದ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ, ಬಾಯಿ ಮುಕ್ಕಳಿಸೋಕೆ ಹೇಳಿ, ಹೊಸ ತಲೆಯಲ್ಲಿ ನೋಡಿದೆವು. ಒಳಗೆ ಹೋಯಿತು. ಬಲಗಡೆ ಒಂದು ಜಾಗ ಮಸುಕಾಗಿತ್ತು, ನಾರಿನಿಂದಲೋ ಬೇರೆ ಏನಾದರೂ ಇದೆಯೋ ನಮಗೆ ಹೇಳಲಾಗಲಿಲ್ಲ. ಗೆಳತಿ ಚೂರು ತೆಗೆದು ಕಳಿಸಿದಳು. ಕ್ಯಾನ್ಸರ್ ಇರಲಿಲ್ಲ. ನಮ್ಮ ಮೂರನೇ ಪ್ರಶ್ನೆಯ ಪಟ್ಟಿಯಲ್ಲಿ ಅವನದ್ದೊಂದು ಗೀಟು ಸೇರಿತು.

ನಾಳೆ ಸಿಎ ಹತ್ರ ಹೋಗಬೇಕು, ಮೂರನೇ ಕಂತಿನ ಪ್ರಮಾಣಪತ್ರಕ್ಕೆ. ದುಗ್ಗಮ್ಮನ ಜಾತ್ರೆ ಶುರುವಾದರೆ ಅವರ ಆಫೀಸಲ್ಲಿ ಯಾರೂ ಸಿಗಲ್ಲ.