ಗಟಾರದ ಸೊಳ್ಳೆ, ಹವಾಯಿಯ ಹಕ್ಕಿ

ಮೂವತ್ತೊಂದು ವರ್ಷ ಧಾರವಾಡ ತಾಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿ ದುಡಿದವನು ನಾನು. ಉದ್ದ ಹಿಡಿಕೆಯ ಸೌಟಿನಿಂದ ಗಟಾರದ ನೀರು ಮೊಗೆದರೆ ಕ್ಯೂಲೆಕ್ಸ್ ಸೊಳ್ಳೆಯ ಲಾರ್ವಾ, ಅಂದರೆ ಮರಿಹುಳ, ತಲೆ ಕೆಳಗೆ ಮಾಡಿ, ಬಾಲದ ಕಡೆಯ ಉಸಿರುನಳಿಕೆಯನ್ನು ಮೇಲಕ್ಕೆ ಚಾಚಿ ಓರೆಯಾಗಿ ಜೋತಾಡುತ್ತಿರುತ್ತದೆ. ಮನುಷ್ಯರಿಗೆ ಮಲೇರಿಯಾ ಹಚ್ಚುವ ಅನಾಫಿಲಿಸ್ ಸೊಳ್ಳೆಯ ಲಾರ್ವಾ ಹಾಗಲ್ಲ, ನೀರಿನ ಮೇಲೆ ಅಡ್ಡಡ್ಡ ಮಲಗುತ್ತದೆ. "ಇದು ಆನೆಕಾಲು ರೋಗದ ಸೊಳ್ಳಿರಿ, ಮಲೇರಿಯಾದ್ದಲ್ಲ" ಎಂದು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ.

ಹಕ್ಕಿಗಳಿಗೆ ಮಲೇರಿಯಾ ಹಚ್ಚುವುದು ಇದೇ ಕ್ಯೂಲೆಕ್ಸ್ ಎಂದು ತಿಳಿದದ್ದು ನಿವೃತ್ತಿಯಾದ ಮೇಲೆ. ಹವಾಯಿ ದ್ವೀಪಗಳಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲವಂತೆ. 1826ರ ಸುಮಾರಿಗೆ ಹಡಗಿನ ನೀರಿನ ಜೊತೆ ಬಂದಿಳಿಯಿತು. ಆ ರೋಗವನ್ನೇ ಕಂಡರಿಯದ ಅಲ್ಲಿನ ಕಾಡುಹಕ್ಕಿಗಳು ಒಂದೊಂದಾಗಿ ಹೋದವು. ಎತ್ತರದ ಚಳಿಯಲ್ಲಿ ಸೊಳ್ಳೆ ಇರುತ್ತಿರಲಿಲ್ಲ, ಹಕ್ಕಿಗಳು ಅಲ್ಲಿ ಉಳಿದುಕೊಂಡಿದ್ದವು. ಈಗ ಬಿಸಿಲು ಹೆಚ್ಚಿ ಸೊಳ್ಳೆಯೂ ಗುಡ್ಡ ಹತ್ತಿದೆ. ಅಲ್ಲಿನ ಕವಾಯಿ ದ್ವೀಪದ ಅಕಿಕಿಕಿ ಎಂಬ ಹಕ್ಕಿ ಗುಬ್ಬಿಗಿಂತ ಚಿಕ್ಕದು, ಬೂದು ಬೆನ್ನು, ಬಿಳಿ ಹೊಟ್ಟೆ. ತೊಗಟೆಯ ಸಂದಿಯ ಹುಳ ಹೆಕ್ಕಿ ತಿನ್ನುತ್ತದೆ. 2023ರ ಹೊತ್ತಿಗೆ ಕಾಡಿನಲ್ಲಿ ಉಳಿದದ್ದು ಐದೇ ಎಂದು ಎಣಿಸಿದರು. ಆ ಸಾಲು ಓದಿ ಪುಸ್ತಕ ಮುಚ್ಚಿಟ್ಟೆ, ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ತಲೆ ಓಡುವುದು ನೀರು ಎಲ್ಲಿ ನಿಂತಿದೆ ಎನ್ನುವ ಕಡೆಗೇ. ಅಲ್ಲಿ ಕಾಡುಹಂದಿಗಳು ಮರದಂಥ ದೊಡ್ಡ ಜರೀಗಿಡದ ಕಾಂಡ ಕೊರೆದು ತಿನ್ನುತ್ತವೆ, ಆ ಪೊಟರೆಯಲ್ಲಿ ಮಳೆನೀರು ನಿಲ್ಲುತ್ತದೆ. ಗುಡ್ಡದ ತುಂಬ ಅಂಥವು ಎಷ್ಟಿವೆಯೋ, ಔಷಧ ಎಲ್ಲೆಲ್ಲಿ ಹಾಕುವುದು? ಅದಕ್ಕೇ ಮಾವಿ ದ್ವೀಪದಲ್ಲಿ 2023ರ ನವೆಂಬರಿನಿಂದ ಹೆಲಿಕಾಪ್ಟರಿನಲ್ಲಿ ಗಂಡುಸೊಳ್ಳೆ ತಂದು ಬಿಡುತ್ತಿದ್ದಾರೆ, 2025ರಿಂದ ಡ್ರೋನಿನಲ್ಲೂ. ಅವುಗಳ ಮೈಯಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಬೇರೆ ತಳಿ ಇರುತ್ತದೆ. ಕಾಡಿನ ಹೆಣ್ಣು ಅದರೊಡನೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಮೊಮ್ಮಗಳು ಬೆರಗಾದಳು. "ಅಜ್ಜಾ, ಸೊಳ್ಳಿ ಕಡಿಮಿ ಮಾಡಾಕ ಸೊಳ್ಳಿನs ಬಿಡ್ತಾರ?"

"ಗಂಡು ಕಡಿಯಂಗಿಲ್ಲವ್ವಾ, ಹೂವಿನ ರಸ ಕುಡಿದು ಬದುಕತೈತಿ."

ನಿನ್ನೆ ಸಂಜೆ ಹಿತ್ತಲ ಗಟಾರದಲ್ಲಿ ಸೌಟು ಅದ್ದಿ ಅವಳಿಗೆ ಕ್ಯೂಲೆಕ್ಸ್ ಮೊಟ್ಟೆಯ ತೆಪ್ಪ ತೋರಿಸಿದೆ. ಅಕ್ಕಿಕಾಳಿನಷ್ಟು, ಮಸಿಬಣ್ಣ, ನೂರಾರು ಮೊಟ್ಟೆ ಒತ್ತಾಗಿ ನೆಟ್ಟಗೆ ನಿಂತಿರುತ್ತವೆ. ನಮ್ಮದು ಎರಡು ದಿನದಲ್ಲಿ ಒಡೆಯುವಂಥದ್ದು, ಒಣ ಮಣ್ಣಿಗೆ ಸುರಿದೆ. ಅವಳು ಕುಕ್ಕರಗಾಲಲ್ಲಿ ಕೂತು, ನೀರು ಇಂಗುವ ತನಕ ನೋಡುತ್ತಲೇ ಇದ್ದಳು.