ಡ್ಯಾನ್ಸ್ ಬಿಟ್ಟು ಆಕ್ಟಿಂಗಿಗೆ ಯಾಕೆ ಬಂದೆ?

ಬಿಟ್ಟಿಲ್ಲ. ಇದೇ ನನ್ನ ಉತ್ತರ. ಬೆಂಗಳೂರಿಗೆ ಓಡಾಡಿ ಬ್ಯಾಲೆ ಅನ್ನುವ ಪಾಶ್ಚಾತ್ಯ ನೃತ್ಯ ಕಲಿತೆ. ಈಗ ನಾಟಕ ಮಾಡುತ್ತೇನೆ, ಸೀರಿಯಲ್‌ಗಳಲ್ಲಿ ಪಾತ್ರ ಮಾಡುತ್ತೇನೆ. ತುಮಕೂರಿನಲ್ಲಿ ಯಾರ ಮನೆಗೆ ಹೋದರೂ ಇದೇ ಪ್ರಶ್ನೆ. ಕೇಳುವವರ ದನಿಯಲ್ಲಿ ಅಯ್ಯೋ ಪಾಪ ಅನ್ನುವ ಭಾವ ಇರುತ್ತದಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಕ್ಯಾತ್ಸಂದ್ರದಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಎದುರಿಗೆ ಕೂತಿದ್ದ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು: "ಯಾಕಮ್ಮಾ, ಕುಣಿಯೋದು ನಿಲ್ಲಿಸ್ಬಿಟ್ಯಂತೆ? ಕಾಲಿಗೇನಾದ್ರೂ ಆಯ್ತಾ?"

"ಇಲ್ಲ ತಾತ, ಚೆನ್ನಾಗಿದೆ."

"ಕಾಲು ಚೆನ್ನಾಗಿದ್ರೆ ಮತ್ಯಾಕಮ್ಮಾ ಆಕ್ಟಿಂಗು?"

ಸಾಲಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಟನೆ ಅಂದರೆ ಕಾಲು ಕೈಕೊಟ್ಟವರ ಕೆಲಸವಾ? ಅದೂ ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯಲ್ಲಿ! ಆ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1954ರಲ್ಲಿ ಬೇಡರ ಕಣ್ಣಪ್ಪನಾಗಿ ತೆರೆಗೆ ಬಂದರು. ನಾಟಕದಲ್ಲಿ ಸೋತು ಬಂದರು ಅಂತ ಯಾರಾದರೂ ಹೇಳುತ್ತೀರಾ?

ಬ್ಯಾಲೆ ಅಂದರೆ ಬರೀ ಕಾಲ್ಬೆರಳ ತುದಿಯಲ್ಲಿ ನಿಲ್ಲುವುದಲ್ಲ. 1841ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಆಡಿದ 'ಜಿಸೆಲ್' ಅನ್ನುವ ಬ್ಯಾಲೆ ಇದೆ. ಪ್ರೀತಿಸಿದವನ ಮೋಸ ಗೊತ್ತಾಗಿ ಹಳ್ಳಿ ಹುಡುಗಿಗೆ ಬುದ್ಧಿ ಕೆಡುತ್ತದೆ. ಒಂದು ಮಾತೂ ಇಲ್ಲ. ಕಣ್ಣು, ಬೆನ್ನು, ತಪ್ಪುವ ಹೆಜ್ಜೆ, ಅಷ್ಟೇ. ನಟನೆ ಬಾರದವಳು ಆ ಪಾತ್ರ ಮಾಡಲಾರಳು. ಫ್ರಾನ್ಸಿನ ಲೆಸ್ಲಿ ಕ್ಯಾರನ್ ಬ್ಯಾಲೆ ತಂಡದಲ್ಲಿದ್ದಾಗ ಹಾಲಿವುಡ್ ನಟ ಜೀನ್ ಕೆಲ್ಲಿ ಕಣ್ಣಿಗೆ ಬಿದ್ದರು. 1951ರಲ್ಲಿ ಸಿನಿಮಾ, ಆಮೇಲೆ ನಾಟಕ. 2007ರಲ್ಲಿ, 76ನೇ ವಯಸ್ಸಿನಲ್ಲಿ, ಟಿವಿ ಪಾತ್ರಕ್ಕೆ ಅಮೆರಿಕದ ಎಮ್ಮಿ ಪ್ರಶಸ್ತಿ ಪಡೆದರು. ಆ ಹೆಂಗಸನ್ನು ನೆನೆದರೆ ನನಗೆ ಧೈರ್ಯ ಬರುತ್ತದೆ.

ಬಾಯಿ ಮುಚ್ಚಿ ಕುಣಿದವಳು ಮಾತಾಡುವುದು ಹೇಗೆ ಕಲಿತೆ ಅಂತ ಕೇಳಿ. ಅದನ್ನು ಸಂತೋಷವಾಗಿ ಹೇಳುತ್ತೇನೆ. ಬ್ಯಾಲೆಯಲ್ಲಿ ಹೊಟ್ಟೆ ಒಳಗೆಳೆದು ಉಸಿರನ್ನು ಪಕ್ಕೆಲುಬಿನಲ್ಲಿ ಆಡಿಸುತ್ತೇವೆ. ನಾಟಕದಲ್ಲಿ ಕೊನೆಯ ಸಾಲಿಗೂ ದನಿ ಮುಟ್ಟಬೇಕು, ಅದಕ್ಕೆ ಹೊಟ್ಟೆ ಸಡಿಲವಾಗಬೇಕು. ಚಿಕ್ಕಂದಿನಿಂದ ಬಿಗಿಹಿಡಿದದ್ದು ಸುಮ್ನೆ ಬಿಡು ಅಂದರೆ ಬಿಡುತ್ತದಾ? ನೆಲದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಮಾತಿಗೊಂದು ಉಸಿರು ಹುಡುಕಿದ್ದೇನೆ.

ಪಾದದ್ದು ಇನ್ನೂ ಜಾಸ್ತಿ ಕಷ್ಟ. ಸೊಂಟದಿಂದಲೇ ಕಾಲು ತಿರುಗಿಸಿ ಪಾದವನ್ನು ಹೊರಮುಖವಾಗಿ ಇಡುವುದು ಬ್ಯಾಲೆಯ ಮೊದಲ ಪಾಠ. ಪಾವಗಡದ ಕಡೆ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವ ಹೆಂಗಸಿನ ಪಾತ್ರ ಬಂತು. ಅವಳು ಹಾಗೆ ನಿಂತರೆ ಯಾರು ನಂಬುತ್ತಾರೆ? ಹೊಲದ ಬದುವಿನ ಮೇಲೆ ಕೂತು ನೋಡಿದೆ. ಅವರ ಭಾರವೆಲ್ಲ ಹಿಮ್ಮಡಿಯಲ್ಲಿ. ಬ್ಯಾಲೆಯಲ್ಲಿ ಭಾರ ಯಾವಾಗಲೂ ಮುಂಗಾಲಿಗೆ. ಹಿಮ್ಮಡಿ ಊರಿ ನಡೆಯುವುದನ್ನು ಅವರನ್ನು ನೋಡಿಯೇ ಕಲಿತೆ.

ಹಾಗಂತ ಬ್ಯಾಲೆ ಅಡ್ಡ ಬಂತು ಅಂದುಕೊಳ್ಳಬೇಡಿ. ಶೂಟಿಂಗ್‌ನಲ್ಲಿ ನೆಲ ನೋಡದೆ ಮಾರ್ಕ್ ಮೇಲೆ, ಅಂದರೆ ನಿಲ್ಲಬೇಕಾದ ಗುರುತಿನ ಮೇಲೆ, ನಿಲ್ಲುವುದು, ಎಷ್ಟು ಟೇಕ್ ಆದರೂ ಅದೇ ಮಾತಿಗೆ ಅದೇ ಕೈ ಎತ್ತುವುದು, ಇದೆಲ್ಲ ಅಲ್ಲಿಂದಲೇ ಬಂದದ್ದು. ಎಡಿಟಿಂಗ್‌ನಲ್ಲಿ ಕೂತು ಟೇಕ್‌ಗಳನ್ನು ಜೋಡಿಸುವವರು ಇದರ ಬೆಲೆ ಬಲ್ಲರು.