‘ಸಫರ್’ ಎಂಬ ಪದ ಹೊತ್ತ ಹೊರೆ

ಕಾಲೇಜಿನ ದಿನಗಳಲ್ಲಿ 1611ರ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲ್ ಓದುತ್ತಿದ್ದಾಗ, ಮಾರ್ಕನ ಸುವಾರ್ತೆಯ ‘ಸಫರ್ ದಿ ಲಿಟ್ಲ್ ಚಿಲ್ಡ್ರನ್ ಟು ಕಮ್ ಅನ್‌ಟು ಮಿ’ ಎಂಬ ವಾಕ್ಯ ನನ್ನನ್ನು ಗಾಬರಿಗೊಳಿಸಿತ್ತು. ‘ಸಫರ್’ ಎಂದರೆ ನರಳುವುದು ಎಂದಷ್ಟೇ ತಿಳಿದಿದ್ದ ನನಗೆ, ಮಕ್ಕಳು ಯಾಕೆ ನರಳಬೇಕೆಂಬುದು ಅರ್ಥವಾಗಲಿಲ್ಲ. ಆದರೆ ಯೇಸು ಅಲ್ಲಿ ಹೇಳುತ್ತಿರುವುದು, ಮಕ್ಕಳನ್ನು ಕರೆತಂದವರನ್ನು ಗದರಿಸಿದ ಶಿಷ್ಯರಿಗೆ: ಅವರನ್ನು ತಡೆಯಬೇಡಿ, ಬರಲು ಬಿಡಿ.

ನರಳುವುದಕ್ಕೂ ಬಿಡುವುದಕ್ಕೂ ಒಂದೇ ಕ್ರಿಯಾಪದ ಹೇಗೆ ಸಾಲುತ್ತದೆ ಎಂಬುದಕ್ಕೆ ಉತ್ತರ ಲ್ಯಾಟಿನ್‌ನಲ್ಲಿದೆ. ‘ಸುಬ್’ ಎಂದರೆ ಕೆಳಗೆ, ‘ಫೆರ್ರೆ’ ಎಂದರೆ ಹೊರು. ಎರಡೂ ಸೇರುವಾಗ ‘ಬ’ಕಾರವು ಮುಂದಿನ ‘ಫ’ಕಾರದಲ್ಲಿ ಕರಗಿ ‘ಸುಫ್ಫೆರ್ರೆ’ ಆಯಿತು. ಹೊರೆಯ ಕೆಳಗೆ ನಿಂತು ಅದನ್ನು ಎತ್ತಿ ಹಿಡಿಯುವುದೇ ಇದರ ಮೂಲಚಿತ್ರ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಬೇರೂರಿದ ಫ್ರೆಂಚ್ ಭಾಷೆಯ ಮೂಲಕ, 13ನೆಯ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂತು. ಹೊರುವವನು ತಾಳಿಕೊಳ್ಳುತ್ತಾನೆ, ತಾಳಿಕೊಳ್ಳುವವನು ಅಡ್ಡಿಪಡಿಸುವುದಿಲ್ಲ, ಅಡ್ಡಿಪಡಿಸದಿದ್ದರೆ ಅದು ಅನುಮತಿಯೇ ಆಗುತ್ತದೆ. ಹೀಗೆ ಎರಡು ಅರ್ಥಗಳೂ ಒಂದೇ ಹೆಗಲ ಮೇಲೆ ಕುಳಿತವು. ಅನುಮತಿಯ ಅರ್ಥ ದಿನಬಳಕೆಯಲ್ಲಿ ಮಾಸಿದರೂ ಕಾನೂನಿನ ಭಾಷೆಯಲ್ಲಿ ಅದರ ಗುರುತು ಉಳಿದಿದೆ. ಗುತ್ತಿಗೆಯ ಅವಧಿ ಮುಗಿದ ಮೇಲೂ ಮಾಲೀಕನ ಒಪ್ಪಿಗೆಯಿಲ್ಲದೆ ಜಾಗದಲ್ಲಿ ಮುಂದುವರಿಯುವ ಬಾಡಿಗೆದಾರನನ್ನು ನಮ್ಮ ನ್ಯಾಯಾಲಯಗಳೂ ‘ಟೆನೆಂಟ್ ಅಟ್ ಸಫರೆನ್ಸ್’ ಎನ್ನುತ್ತವೆ. (ಮತದಾನದ ಹಕ್ಕನ್ನು ಸೂಚಿಸುವ ‘ಸಫ್ರೇಜ್’ ಮಾತ್ರ ಈ ಮನೆತನದ್ದಲ್ಲ, ಅದರ ಮೂಲ ಬೇರೆ.)

ನನಗೆ ಅತ್ಯಂತ ಪ್ರಿಯವಾದ ಸಂಗತಿಯೆಂದರೆ ಈ ಪದದ ಬಂಧುಗಳು ನಮ್ಮ ಮನೆಯಲ್ಲೂ ಇರುವುದು. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್‌ಗಳ ಪೂರ್ವಜವಾದ ಮೂಲ ಇಂಡೋ-ಯುರೋಪಿಯನ್ ಭಾಷೆಯ ಪದಾದಿಯ ‘ಭ’ಕಾರ ಸಂಸ್ಕೃತದಲ್ಲಿ ಹಾಗೆಯೇ ಉಳಿದು, ಲ್ಯಾಟಿನ್‌ನಲ್ಲಿ ‘ಫ’ಕಾರವಾಗಿ, ಇಂಗ್ಲಿಷಿನ ಸ್ವಂತ ಪದಗಳಲ್ಲಿ ‘ಬ’ಕಾರವಾಯಿತು. ಆದ್ದರಿಂದ ಲ್ಯಾಟಿನ್ನಿನ ‘ಫೆರ್ರೆ’, ಇಂಗ್ಲಿಷಿನ ‘ಬೇರ್’, ಸಂಸ್ಕೃತದ ‘ಭೃ’ ಧಾತು ಮೂರೂ ಒಡಹುಟ್ಟುಗಳು. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದಿಂದ ‘ಭಾರ’ವನ್ನೂ ‘ಭರಿಸು’ವನ್ನೂ ಪಡೆದಿದೆ. ಮದುವೆಯ ಖರ್ಚನ್ನು ಭರಿಸುತ್ತೇವೆ. ಮನೆಯಲ್ಲಿ ಸಾವಾದಾಗ ‘ಭರಿಸಲಾಗದ ದುಃಖ’ ಎನ್ನುತ್ತೇವೆ. ಹೊರೆಯಿಂದ ನೋವಿಗೆ ಲ್ಯಾಟಿನ್ ನಡೆದ ದಾರಿಯಲ್ಲೇ ನಾವೂ ನಡೆದಿದ್ದೇವೆ.

ಆದರೂ ಅಚ್ಚಗನ್ನಡದ ‘ನೋವುಣ್ಣು’ ಎಂಬ ಮಾತಿನಲ್ಲಿ ಹೆಗಲಿಲ್ಲ, ಹೊರೆಯಿಲ್ಲ. ಹೊರೆಯನ್ನಾದರೆ ಇಳಿಸಬಹುದು, ಉಂಡ ನೋವು ಮೈಯೊಳಗೇ ಉಳಿಯುತ್ತದೆ.